ಮುರಿದರೆ ಯಾವ ಕಡೆ ಹಾರುತ್ತದೆ?

ಅಮೆರಿಕದ ಅರವತ್ತರ ದಶಕದ ಮಸ್ಟಾಂಗ್ ಅಥವಾ ಕಮಾರೊ ಕಾರಿನಲ್ಲಿ ಚಾಲಕನ ಬಲಗಾಲಿಗೂ ಎಂಜಿನ್ನಿನ ಫ್ಲೈವೀಲಿಗೂ ನಡುವೆ ಒಂದೆರಡು ಗೇಣಿನ ಅಂತರ. ಆ ಅಂತರದಲ್ಲಿ ಇರುವುದು ಒಂದು ಕಾರ್ಪೆಟ್, ಅದರಡಿ ತೆಳು ತಗಡಿನ ನೆಲ, ತಗಡಿನಾಚೆ ಅಲ್ಯುಮಿನಿಯಂ ಎರಕದ ಬೆಲ್ ಹೌಸಿಂಗ್. ಇಷ್ಟೇ. ಆ ಹೌಸಿಂಗಿನೊಳಗೆ ಸುಮಾರು 35 ಸೆಂಟಿಮೀಟರ್ ಅಗಲದ, ಹದಿಮೂರು ಹದಿನಾಲ್ಕು ಕಿಲೊ ತೂಗುವ ಬೀಡುಕಬ್ಬಿಣದ ಚಕ್ರ ತಿರುಗುತ್ತಿರುತ್ತದೆ. ಎಂಜಿನ್ ನಿಮಿಷಕ್ಕೆ 6,000 ಸುತ್ತು ಮುಟ್ಟಿದಾಗ ಆ ಚಕ್ರದ ಅಂಚು ಗಂಟೆಗೆ 400 ಕಿಲೊಮೀಟರ್ ವೇಗದಲ್ಲಿ ಓಡುತ್ತದೆ. ಆಗ ಅದರಲ್ಲಿ ಕೂಡಿಟ್ಟಿರುವ ಶಕ್ತಿ 42 ಕಿಲೊಜೂಲ್ ಆಸುಪಾಸು. ಒಂದೂವರೆ ಟನ್ನಿನ ಕಾರು ಗಂಟೆಗೆ 27 ಕಿ.ಮೀ. ವೇಗದಲ್ಲಿ ಬಂದು ಗೋಡೆಗೆ ಗುದ್ದಿದರೆ ಹೊಮ್ಮುವಷ್ಟು.

ಹಳೆಯ ಕಾರನ್ನು ಪ್ರೀತಿಯಿಂದ ಕಟ್ಟಿ, ರಸ್ತೆಯ ಮೇಲೆಯೇ ಓಡಿಸುವ ಹವ್ಯಾಸಿಗಳು ಮೊದಲು ಕೈ ಹಾಕುವುದು ಎಂಜಿನ್ನಿಗೆ. ಕಾರ್ಬುರೇಟರ್ ಬದಲಾಗುತ್ತದೆ, ಕ್ಯಾಮ್‌ಶಾಫ್ಟ್ ಬದಲಾಗುತ್ತದೆ, ಸೈಲೆನ್ಸರ್ ಬದಲಾಗುತ್ತದೆ. ಶಕ್ತಿ ಒಂದೂವರೆ ಪಟ್ಟು ಆದ ಮೇಲೆ ಕ್ಲಚ್ ಜಾರತೊಡಗುತ್ತದೆ. ಆಗ ಎಂಜಿನ್ನಿನಿಂದ ಚಕ್ರದವರೆಗಿನ ಭಾಗಗಳ ಯೋಚನೆ ಶುರು. ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: ಇದು ಎಷ್ಟು ಹಾರ್ಸ್‌ಪವರ್ ತಡೆಯುತ್ತದೆ? ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಇದು ಮುರಿದರೆ ತುಂಡು ಯಾವ ಕಡೆ ಹೋಗುತ್ತದೆ, ಅಲ್ಲಿ ಯಾರಿದ್ದಾರೆ? ಭಾಗದ ಆಯ್ಕೆ ಅಲ್ಲಿಂದ ಆರಂಭವಾಗಬೇಕು ಎಂಬುದು ನನ್ನ ನಂಬಿಕೆ. ಮುರಿಯದ ಲೋಹ ಇಲ್ಲ. ಮುರಿದ ಲೋಹವನ್ನು ಹಿಡಿದಿಡುವ ಏರ್ಪಾಡು ಇದೆ.

ಫ್ಲೈವೀಲ್ ಯಾಕೆ ಒಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ತಿರುಗುವ ಚಕ್ರದ ಪ್ರತಿ ಕಣವೂ ನೇರವಾಗಿ ಹೊರಟುಹೋಗಲು ನೋಡುತ್ತದೆ, ಕವಣೆಯ ಕಲ್ಲಿನ ಹಾಗೆ. ಅದನ್ನು ಒಳಕ್ಕೆ ಎಳೆದಿಟ್ಟಿರುವುದು ಲೋಹದ ಬಿಗಿ. ಆ ಎಳೆತ ವೇಗದ ವರ್ಗದಂತೆ ಏರುತ್ತದೆ. 3,000 ಸುತ್ತಿನಿಂದ 6,000ಕ್ಕೆ ಹೋದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಳೆಯ ಕಾರುಗಳಲ್ಲಿ ಕಂಪನಿಯೇ ಹಾಕಿಕೊಟ್ಟ ಚಕ್ರಗಳು ಸಾಮಾನ್ಯವಾಗಿ ಬೂದು ಬೀಡುಕಬ್ಬಿಣದವು. ಅದರೊಳಗೆ ಗ್ರಾಫೈಟ್ ತೆಳ್ಳನೆಯ ಹಾಳೆಗಳಾಗಿ ಹರಡಿರುತ್ತದೆ. ಒತ್ತಿದರೆ ಈ ಕಬ್ಬಿಣ ಗಟ್ಟಿ. ಎಳೆದರೆ ಆ ಹಾಳೆಗಳೇ ಸೀಳಿನ ದಾರಿಗಳು. ಹೊಸದಾಗಿದ್ದಾಗ, ಕಂಪನಿ ಹೇಳಿದ ವೇಗದ ಮಿತಿಯಲ್ಲಿ, ಅದು ದಶಕಗಟ್ಟಲೆ ನಿಷ್ಠೆಯಿಂದ ದುಡಿಯುತ್ತದೆ. ಅದನ್ನು ದೂರಲು ಕಾರಣವಿಲ್ಲ.

ತೊಂದರೆ ಬರುವುದು ಬಿಸಿಯಿಂದ. ಕ್ಲಚ್ ಜಾರಿದಾಗಲೆಲ್ಲ ಚಕ್ರದ ಮೈ ಕಾಯುತ್ತದೆ, ಅಲ್ಲಲ್ಲಿ ನೀಲಿ ಕಲೆ ಬೀಳುತ್ತದೆ, ಆಮೇಲೆ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಲೇತ್‌ಗೆ ಹಾಕಿ ಮೈ ತೆಗೆಸಿದರೆ ಕಲೆ ಹೋಗುತ್ತದೆ, ನೋಡಲು ಹೊಳೆಯುತ್ತದೆ, ಆದರೆ ಆಳದ ಬಿರುಕು ಉಳಿದಿರಬಹುದು, ದಪ್ಪವೂ ಕಡಿಮೆಯಾಗಿರುತ್ತದೆ. ತೂಕ ಇಳಿಸಲೆಂದು ಯಾರೋ ಹಿಂದೆ ತೂತು ಕೊರೆದಿದ್ದರೆ ಪ್ರತಿ ತೂತಿನ ಅಂಚಿನಲ್ಲೂ ಎಳೆತ ಹಲವು ಪಟ್ಟು ಕೂಡಿಕೊಳ್ಳುತ್ತದೆ. ಇಂಥ ಚಕ್ರವನ್ನು ಈಗ 7,000 ಸುತ್ತು ತಿರುಗುವ ಹೊಸ ಎಂಜಿನ್ನಿನ ಬೆನ್ನಿಗೆ ಕಟ್ಟುತ್ತಾರೆ. ಒಡೆದ ತುಂಡುಗಳು ಹಾರುವುದು ಚಕ್ರದ ಸಮತಲದಲ್ಲೇ: ಮೇಲೆ ಬಾನೆಟ್ಟು, ಕೆಳಗೆ ರಸ್ತೆ, ಪಕ್ಕದಲ್ಲಿ ಬ್ರೇಕ್ ಮತ್ತು ಪೆಟ್ರೋಲ್ ಪೈಪುಗಳು, ಚಾಲಕನ ಪಾದ, ಪಕ್ಕದ ಸೀಟಿನವರ ಪಾದ.

ರಸ್ತೆಯಲ್ಲಿ ಅಷ್ಟು ವೇಗವಾಗಿ ಯಾರು ಓಡಿಸುತ್ತಾರೆ ಎಂದು ಕೇಳುವವರಿದ್ದಾರೆ. ಅದಕ್ಕೆ ರೇಸ್ ಬೇಕಿಲ್ಲ, ಒಂದು ತಪ್ಪು ಗೇರ್ ಸಾಕು. ಗಂಟೆಗೆ 100 ಕಿ.ಮೀ.ಯಲ್ಲಿ ಹೋಗುತ್ತಿರುವಾಗ ಮೂರನೇ ಗೇರಿಗೆ ಹಾಕಹೋಗಿ ಕೈ ತಪ್ಪಿ ಒಂದನೇ ಗೇರಿಗೆ ಬಿತ್ತು ಎನ್ನಿ. ಆ ಕಾಲದ ಫೋರ್ಡ್‌ನ ನಾಲ್ಕು ಗೇರಿನ ಒಂದು ಪೆಟ್ಟಿಗೆಯಲ್ಲಿ ಒಂದನೇ ಗೇರಿನ ಅನುಪಾತ 2.78. ಹಿಂದಿನ ಆಕ್ಸಲ್ ಹೌಸಿಂಗಿನ ಅನುಪಾತ ಮೂರೂವರೆ ಎಂದಿಟ್ಟುಕೊಂಡರೂ ಕ್ಲಚ್ ಪ್ಲೇಟ್ ನಿಮಿಷಕ್ಕೆ ಸುಮಾರು 8,000 ಸುತ್ತು ತಿರುಗಲೇಬೇಕು. ಕ್ಲಚ್ ತುಳಿದೇ ಇದ್ದರೂ ಅಷ್ಟೇ, ಯಾಕೆಂದರೆ ಪ್ಲೇಟನ್ನು ಈಗ ತಿರುಗಿಸುತ್ತಿರುವುದು ಎಂಜಿನ್ ಅಲ್ಲ, ಚಕ್ರಗಳು. ಎಂಜಿನ್ನಿನ ವೇಗ ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇಲ್ಲಿ ಏನೂ ಮಾಡಲಾರದು. ಪ್ಲೇಟಿನ ಲೈನಿಂಗು ಆ ವೇಗಕ್ಕೆ ಚಿಂದಿಯಾಗಬಲ್ಲದು. ಪೆಡಲಿನಿಂದ ಕಾಲು ತೆಗೆದರೆ ಫ್ಲೈವೀಲನ್ನೂ ಅದೇ ವೇಗಕ್ಕೆ ಎಳೆಯುತ್ತದೆ.

ಈ ಪಾಠವನ್ನು ಅಮೆರಿಕದ ಡ್ರ್ಯಾಗ್ ರೇಸಿಂಗ್ ಲೋಕ ರಕ್ತ ಕೊಟ್ಟು ಕಲಿತಿದೆ. ಕಾಲು ಮೈಲಿ ದೂರವನ್ನು ನಿಂತಲ್ಲಿಂದ ಹೊರಟು ಮುಗಿಸುವ ಈ ಪಂದ್ಯಗಳಿಗೆ 1951ರಲ್ಲಿ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ ಸಂಘಟನೆ ಕಟ್ಟಿದಾಗ ಅವರ ದೊಡ್ಡ ಕಾಳಜಿಯೇ ಸುರಕ್ಷತೆ. ಬೀದಿಯಲ್ಲಿ ಓಡುತ್ತಿದ್ದ ಹುಡುಗರನ್ನು ನಿಯಮವಿರುವ ಓಟದ ಪಟ್ಟಿಗೆ ತರುವುದು. ಆದರೂ ಆ ದಿನಗಳ ಡ್ರ್ಯಾಗ್‌ಸ್ಟರ್‌ನಲ್ಲಿ ಎಂಜಿನ್ ಮುಂದೆ, ಚಾಲಕ ಹಿಂದೆ. ಕ್ಲಚ್ಚೂ ಗೇರ್ ಬಾಕ್ಸೂ ಅವನ ಕಾಲುಗಳ ನಡುವೆ. 1970ರ ಮಾರ್ಚ್ 8ರಂದು ಲಾಸ್ ಏಂಜಲೀಸ್ ಬಳಿಯ ಲಯನ್ಸ್ ಪಟ್ಟಿಯಲ್ಲಿ ಡಾನ್ ಗಾರ್ಲಿಟ್ಸ್ ಅವರ ಕಾರು ಹೊರಟ ಕ್ಷಣದಲ್ಲೇ ಎರಡು ಗೇರಿನ ಪೆಟ್ಟಿಗೆ ಸಿಡಿಯಿತು. ಕಾರು ಎರಡು ಹೋಳಾಯಿತು. ಅವರ ಬಲಪಾದದ ಮುಂಭಾಗ ಹೋಯಿತು. ನೋಡಲು ಬಂದು ನಿಂತಿದ್ದ ಒಬ್ಬ ಯುವಕನಿಗೂ ಭೀಕರ ಗಾಯವಾಯಿತು.

ಗಾರ್ಲಿಟ್ಸ್ ಚೇತರಿಸಿಕೊಂಡು ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಇಟ್ಟ ಸ್ವಾಂಪ್ ರ‍್ಯಾಟ್ 14 ಎಂಬ ಕಾರು ಕಟ್ಟಿದರು. 1971ರ ವಿಂಟರ್‌ನ್ಯಾಷನಲ್ಸ್ ಪಂದ್ಯವನ್ನು ಅದರಲ್ಲೇ ಗೆದ್ದರು. ಹಿಂದೆ ಎಂಜಿನ್ ಇಟ್ಟ ಕಾರುಗಳನ್ನು ಮೊದಲೂ ಕೆಲವರು ಮಾಡಿದ್ದರು. ಆದರೆ ಅದು ಗೆಲ್ಲಬಲ್ಲದು ಎಂದು ತೋರಿದ್ದು ಈ ಕಾರು, ಕೆಲವೇ ವರ್ಷಗಳಲ್ಲಿ ಆ ವರ್ಗದ ಮುಂದೆ ಎಂಜಿನ್ ಇರುವ ಕಾರುಗಳು ಪಟ್ಟಿಯಿಂದ ಮರೆಯಾದವು. ಅವರು ಹೆಚ್ಚು ಗಟ್ಟಿ ಗೇರ್ ಬಾಕ್ಸ್ ಮಾಡಿ ಸುಮ್ಮನಾಗಲಿಲ್ಲ, ಅದು ಸಿಡಿದರೂ ಮನುಷ್ಯನಿಗೆ ತಗಲದ ಜಾಗ ಹುಡುಕಿದರು. ರಸ್ತೆ ಕಾರಿನ ಹವ್ಯಾಸಿಗೆ ಎಂಜಿನ್ ಸ್ಥಳಾಂತರಿಸುವ ಸ್ವಾತಂತ್ರ್ಯ ಇಲ್ಲ. ಅವನಿಗೆ ಉಳಿದ ದಾರಿ, ಸಿಡಿಯುವ ವಸ್ತುವಿಗೂ ತನ್ನ ಕಾಲಿಗೂ ನಡುವೆ ಪರೀಕ್ಷೆಗೆ ನಿಂತ ಉಕ್ಕು ಇಡುವುದು.

ಆ ಪರೀಕ್ಷೆಯ ಲೆಕ್ಕ ಇಡುವುದು ಎಸ್‌ಎಫ್‌ಐ ಫೌಂಡೇಶನ್. ರೇಸ್ ಬಿಡಿಭಾಗ ತಯಾರಕರು 1963ರಲ್ಲಿ ಕಟ್ಟಿಕೊಂಡ ಸೆಮಾ ಎಂಬ ಸಂಘದ ಒಡಲಿನಿಂದ 1978ರಲ್ಲಿ ಹೊರಬಂದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಅದು ಭಾಗಕ್ಕೊಂದು ಸಂಖ್ಯೆ ಕೊಟ್ಟಿದೆ. ಬದಲಿ ಫ್ಲೈವೀಲು ಮತ್ತು ಕ್ಲಚ್ ಜೋಡಣೆಗೆ 1.1, ಅದನ್ನು ಒಳಗಿಟ್ಟುಕೊಳ್ಳುವ ಬೆಲ್ ಹೌಸಿಂಗಿಗೆ 6.1. ಆಟೊಮ್ಯಾಟಿಕ್ ಗೇರ್ ಬಾಕ್ಸಿನಲ್ಲಿ ಫ್ಲೈವೀಲಿನ ಬದಲು ಇರುವ ಫ್ಲೆಕ್ಸ್‌ಪ್ಲೇಟಿಗೆ 29.1, ಪೆಟ್ಟಿಗೆಯ ಹೊರಗವಚಕ್ಕೆ 4.1. ಎಂಜಿನ್ನಿನ ಮುಂಬದಿಯ ಕಂಪನ ನಿರೋಧಕ ಚಕ್ರಕ್ಕೆ (ಡ್ಯಾಂಪರ್) 18.1. 1.1 ಮತ್ತು 6.1 ಎರಡನ್ನೂ ಒಟ್ಟಿಗೆ ನೆನಪಿಡಬೇಕು, ಯಾಕೆಂದರೆ ಅವು ಒಂದನ್ನೊಂದು ನೆಚ್ಚಿಕೊಂಡ ಜೋಡಿ. 6.1ರ ಹೌಸಿಂಗು ಯಾವ ಬಗೆಯ ಕ್ಲಚ್ ಸಿಡಿದರೆ ತಡೆಯಬೇಕು ಎಂಬುದು ಆ ನಿಯಮದಲ್ಲೇ ಇದೆ. ಅದಕ್ಕಿಂತ ಭಾರಿ ಎಂಜಿನ್ನುಗಳ ಬಹುಪ್ಲೇಟಿನ ಕ್ಲಚ್ಚುಗಳಿಗೆ 6.2, 6.3 ಎಂದು ಬೇರೆ ಹಂತಗಳಿವೆ. ಹಳೆಯ ಬೀಡು ಚಕ್ರವನ್ನೇ ಉಳಿಸಿಕೊಂಡು ಹೊರಗೆ ಮಾತ್ರ ದುಬಾರಿ ಉಕ್ಕಿನ ಹೌಸಿಂಗ್ ಹಾಕಿದವರನ್ನೂ, ಒಳಗೆ ಉಕ್ಕಿನ ಚಕ್ರ ಹಾಕಿ ಹೊರಗೆ ಹಳೆಯ ಅಲ್ಯುಮಿನಿಯಂ ಬಿಟ್ಟವರನ್ನೂ ಕಾಣಬಹುದು. ಈ ಎರಡರಲ್ಲಿ ಒಂದಕ್ಕೇ ಹಣ ಇದ್ದರೆ? ನಾನಾದರೆ ಚಕ್ರ ಮತ್ತು ಕ್ಲಚ್ ಮೊದಲು ತರುತ್ತೇನೆ, ಒಡೆಯುವ ಸಂಭವವೇ ಕಡಿಮೆಯಾಗಲಿ ಎಂದು. ಎಂಜಿನ್ನನ್ನು 6,000 ಸುತ್ತು ದಾಟಿಸುವುದನ್ನು ಹೌಸಿಂಗ್ ಬರುವ ತನಕ ಮುಂದೂಡುತ್ತೇನೆ.

ಭಾಗದ ಮೇಲೆ ಅಂಟಿಸುವ ಎಸ್‌ಎಫ್‌ಐ ಚೀಟಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಎಸ್‌ಎಫ್‌ಐ ಗುರುತು ಎಂದರೆ ಸಂಸ್ಥೆಯೇ ಆ ಭಾಗವನ್ನು ಒಂದೊಂದಾಗಿ ಪರೀಕ್ಷಿಸಿ ಮುದ್ರೆ ಒತ್ತಿದೆ ಎಂದಲ್ಲ. ಮಾದರಿ ಭಾಗವನ್ನು ನಿಗದಿತ ಪರೀಕ್ಷೆಗೆ ಒಡ್ಡಿ, ನಮ್ಮ ತಯಾರಿಕೆ ನಿಯಮಕ್ಕೆ ಹೊಂದುತ್ತದೆ ಎಂದು ಘೋಷಿಸುವವನು ತಯಾರಕ. ಸಂಸ್ಥೆ ನಿಯಮ ಬರೆಯುತ್ತದೆ, ಪರೀಕ್ಷೆಯ ವರದಿ ನೋಡುತ್ತದೆ, ಮಾರುಕಟ್ಟೆಯಿಂದ ಮಾದರಿ ತರಿಸಿ ತಪಾಸಣೆ ಮಾಡುತ್ತದೆ. ಈ ಪದ್ಧತಿಗೆ ಅದರದೇ ಬೆಲೆಯಿದೆ, ಅದರ ಹಿಂದೆ ಒಡೆದು ನೋಡಿದ ಚಕ್ರಗಳಿವೆ. ಆದರೆ ಅದು ಹೇಳುವುದು ಆ ಭಾಗ ಕಾರ್ಖಾನೆ ಬಿಟ್ಟ ದಿನದ ಸ್ಥಿತಿ. ಆಮೇಲೆ ಅದನ್ನು ಲೇತ್‌ನಲ್ಲಿ ಕೊರೆದಿದ್ದರೆ, ಬೆಸುಗೆ ಹಾಕಿದ್ದರೆ, ಸೈಲೆನ್ಸರ್ ಪೈಪ್ ದಾಟಲೆಂದು ಕಿಟಕಿ ಕತ್ತರಿಸಿದ್ದರೆ ಚೀಟಿಯ ಮಾತಿಗೆ ಅರ್ಥ ಉಳಿಯುವುದಿಲ್ಲ. ಕೆಲವು ಭಾಗಗಳಿಗೆ ಅವಧಿಯೂ ಉಂಟು, ತಯಾರಿಕೆಯ ದಿನಾಂಕ ನೋಡಿ ಮರುಪರೀಕ್ಷೆಗೆ ಕಳಿಸಬೇಕು. ಸೆಕೆಂಡ್ ಹ್ಯಾಂಡ್ ಮಾಲು ಕೊಳ್ಳುವಾಗ ನಾನು ಚೀಟಿಗಿಂತ ಮೊದಲು ನೋಡುವುದು ಅದರ ಮೈಯನ್ನು. ಬಣ್ಣ ಹೊಸದಾಗಿದ್ದರೆ ಇನ್ನೂ ಹತ್ತಿರದಿಂದ.

ಉಕ್ಕಿನ ಬೆಲ್ ಹೌಸಿಂಗ್ ಕೂರಿಸುವ ಕೆಲಸ ತಾಳ್ಮೆಯದು, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಾರ್ಖಾನೆಯಲ್ಲಿ ಬಂದ ಎರಕದ ಹೌಸಿಂಗಿನ ಹಿಂಬದಿ ರಂಧ್ರ ಕ್ರ್ಯಾಂಕ್‌ಶಾಫ್ಟಿನ ನಡುಗೆರೆಗೆ ಸರಿಯಾಗಿ ಕೂರುವಂತೆ ಕೊರೆದಿರುತ್ತಾರೆ. ಹೊರಗಿನಿಂದ ತಂದ ಹೌಸಿಂಗು, ಹಲವು ಬಾರಿ ದುರಸ್ತಿ ಕಂಡ ಹಳೆಯ ಎಂಜಿನ್ ಬ್ಲಾಕು, ಇವೆರಡೂ ಸೇರಿದಾಗ ನಡುಗೆರೆ ಅತ್ತಿತ್ತ ಸರಿದಿರಬಹುದು. ಕ್ರ್ಯಾಂಕಿನ ಹಿಂಬದಿಗೆ ಡಯಲ್ ಗೇಜ್ ಕಟ್ಟಿ, ಕೈಯಲ್ಲಿ ನಿಧಾನ ತಿರುಗಿಸಿ, ಹೌಸಿಂಗಿನ ರಂಧ್ರದ ಸುತ್ತ ಮುಳ್ಳು ಎಷ್ಟು ಆಡುತ್ತದೆ ನೋಡಬೇಕು. ಒಟ್ಟು ಆಟ ಇಂಚಿನ ಸಾವಿರದಲ್ಲಿ ಹತ್ತು ಭಾಗ, ಅಂದರೆ ಕಾಲು ಮಿಲಿಮೀಟರ್ ದಾಟಬಾರದು. ನಿಜವಾದ ಸರಿತ ಅದರ ಅರ್ಧ. ದಾಟಿದರೆ ಹೌಸಿಂಗನ್ನು ಜಾಗದಲ್ಲಿ ಕೂರಿಸುವ ಬ್ಲಾಕಿನ ಗೂಟಗಳನ್ನು ಕಿತ್ತು, ನಡುಭಾಗ ಒಂದು ಪಕ್ಕಕ್ಕೆ ಸರಿದಿರುವ ವಿಶೇಷ ಗೂಟಗಳನ್ನು ಹಾಕುತ್ತಾರೆ. ಇಂಚಿನ ಸಾವಿರದಲ್ಲಿ 7, 14, 21 ಭಾಗಗಳ ಅಳತೆಯಲ್ಲಿ ಅವು ಸಿಗುತ್ತವೆ. ಈ ಕೆಲಸಕ್ಕೆ ಒಂದು ಸಂಜೆ ಹಿಡಿಯುತ್ತದೆ. ಬಿಟ್ಟರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗು ಸವೆಯುತ್ತದೆ, ಕ್ಲಚ್ ಪ್ಲೇಟಿನ ನಡುಭಾಗ ಪ್ರತಿ ಸುತ್ತಿಗೂ ಬಾಗಿ ಬಾಗಿ ಒಂದು ದಿನ ಹರಿಯುತ್ತದೆ. ಸುರಕ್ಷತೆಗೆಂದು ತಂದ ಭಾಗವೇ ಮುರಿತಕ್ಕೆ ಕಾರಣವಾಗುವುದು ಹೀಗೆ. ಬೋಲ್ಟುಗಳ ವಿಷಯದಲ್ಲೂ ರಿಯಾಯಿತಿ ಇಲ್ಲ: ಹೌಸಿಂಗಿನಲ್ಲಿ ಎಷ್ಟು ತೂತು ಇವೆಯೋ ಅಷ್ಟೂ ಬೋಲ್ಟು, ಅದೂ ಒಳ್ಳೆಯ ದರ್ಜೆಯದು. ಕೈ ಹೋಗದ ಮೇಲಿನ ಬೋಲ್ಟು ಬಿಟ್ಟುಬಿಡುವ ಅಭ್ಯಾಸ ಎಲ್ಲ ದೇಶದ ಗ್ಯಾರೇಜುಗಳಲ್ಲೂ ಇದೆ. ಸಿಡಿತದ ಹೊತ್ತಿಗೆ ಹೌಸಿಂಗು ತೆರೆದುಕೊಳ್ಳುವುದು ಅಲ್ಲಿಂದಲೇ.

ಹೊಂದಾಣಿಕೆಯ ಇನ್ನೊಂದು ಬಲೆ ತೂಕದ ಸಮತೋಲ. ಫೋರ್ಡ್‌ನ ಸಣ್ಣ ವಿ8 ಎಂಜಿನ್ನುಗಳಲ್ಲಿ ಸಮತೋಲದ ತೂಕದ ಒಂದು ಪಾಲು ಫ್ಲೈವೀಲಿನಲ್ಲೂ ಮುಂದಿನ ಡ್ಯಾಂಪರಿನಲ್ಲೂ ಇರುತ್ತದೆ. ಎಂಬತ್ತರ ದಶಕದ ಆರಂಭದವರೆಗಿನ 302 ಎಂಬ ಎಂಜಿನ್ನಿಗೆ 28 ಔನ್ಸ್-ಇಂಚು ಅಸಮತೋಲದ ಚಕ್ರ, ಆಮೇಲಿನದಕ್ಕೆ 50 ಔನ್ಸ್-ಇಂಚಿನದು. ಎರಡೂ ನೋಡಲು ಒಂದೇ, ಬೋಲ್ಟುಗಳೂ ಕೂರುತ್ತವೆ. ಷೆವರ್ಲೆಯಲ್ಲಿ 1986ರ ಹೊತ್ತಿಗೆ ಕ್ರ್ಯಾಂಕಿನ ಹಿಂದಿನ ಸೀಲಿನ ವಿನ್ಯಾಸವೇ ಬದಲಾಯಿತು, ಚಕ್ರವೂ ಬದಲಾಯಿತು. ಅತ್ಯುತ್ತಮ ಉಕ್ಕಿನ, ಚೀಟಿ ಅಂಟಿದ, ಹೊಸ ಚಕ್ರ ತಪ್ಪು ಎಂಜಿನ್ನಿಗೆ ಹೋದರೆ ಅದೇ ಎಂಜಿನ್ನನ್ನು ಅಲುಗಾಡಿಸಿ ಬೇರಿಂಗ್ ಹಾಳುಮಾಡುತ್ತದೆ. ಎಂಜಿನ್ ಬ್ಲಾಕಿನ ಮೇಲಿನ ಎರಕದ ಸಂಖ್ಯೆ ಓದಿ, ಒಳಗಿನ ಕ್ರ್ಯಾಂಕ್ ಯಾವುದೆಂದು ಖಚಿತ ಮಾಡಿಕೊಂಡ ಮೇಲೆಯೇ ಆರ್ಡರ್ ಕೊಡಬೇಕು.

ಆಟೊಮ್ಯಾಟಿಕ್ ಕಾರಿನವರಿಗೆ ಕ್ಲಚ್ ಚಿಂತೆ ಇಲ್ಲ. ತೆಳು ಫ್ಲೆಕ್ಸ್‌ಪ್ಲೇಟಿಗೆ 29.1, ಪೆಟ್ಟಿಗೆಯ ಮೇಲೆ 4.1ರ ಗಟ್ಟಿ ಕವಚ ಅಥವಾ ಸುತ್ತಿಕಟ್ಟುವ ದಪ್ಪ ಹೊದಿಕೆ. ಹೊದಿಕೆಯಾದರೆ ಸೈಲೆನ್ಸರ್ ಪೈಪಿನಿಂದ ದೂರವಿರಲಿ, ಎಣ್ಣೆ ಕುಡಿಯದಿರಲಿ. ಎಂಜಿನ್ನಿನ ಮುಂದಿನ ಡ್ಯಾಂಪರಿನಲ್ಲಿ ಎರಡು ಲೋಹದ ಉಂಗುರಗಳ ನಡುವೆ ರಬ್ಬರ್ ಇರುತ್ತದೆ. ಐವತ್ತು ವರ್ಷದ ರಬ್ಬರ್ ಬಿಟ್ಟುಕೊಂಡರೆ ಹೊರಗಿನ ಉಂಗುರ ಸರಿದು ಕಳಚಬಹುದು. ಹಳೆಯ ಎಂಜಿನ್ ಕಟ್ಟುವಾಗ ಅದನ್ನು ಹಾಗೇ ಉಳಿಸಿಕೊಳ್ಳುವುದು ಉಳಿತಾಯವಲ್ಲ.

ಈಗ ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗೋಣ. ಪ್ರೊಪೆಲರ್ ಶಾಫ್ಟಿನ ಮುಂದಿನ ಕ್ರಾಸ್ (ಯೂನಿವರ್ಸಲ್ ಜಾಯಿಂಟ್) ಮುರಿದರೆ ಶಾಫ್ಟಿನ ಮುಂತುದಿ ರಸ್ತೆಗೆ ಬೀಳುತ್ತದೆ. ಹಿಂತುದಿ ಇನ್ನೂ ಆಕ್ಸಲ್ ಹೌಸಿಂಗಿಗೆ ಕಚ್ಚಿಕೊಂಡಿರುತ್ತದೆ. ಬಿದ್ದ ತುದಿ ಒಂದು ಗುಂಡಿಗೋ ರಸ್ತೆಯ ಜೋಡಣೆಗೋ ನಾಟಿತೆಂದರೆ ಕಾರಿನ ಹಿಂಭಾಗವನ್ನೇ ಮೇಲಕ್ಕೆತ್ತಿ ಎಸೆಯಬಲ್ಲದು. ನಾಟದಿದ್ದರೆ ತಿರುಗುತ್ತಲೇ ನೆಲದ ತಗಡನ್ನು ಬಡಿದು ಒಳಗೆ ನುಗ್ಗುತ್ತದೆ. ಇದಕ್ಕೆ ಪರಿಹಾರ ಬಹಳ ಸರಳ, ಬಹಳ ಅಗ್ಗ: ಶಾಫ್ಟಿನ ಸುತ್ತ ಒಂದು ಉಕ್ಕಿನ ಬಳೆ. ಎನ್‌ಎಚ್‌ಆರ್‌ಎ ಹೇಳುವ ಅಳತೆಯಲ್ಲಿ ಅದು ಕಾಲು ಇಂಚು ದಪ್ಪ, ಎರಡು ಇಂಚು ಅಗಲದ ಪಟ್ಟಿ, ಪೂರ್ತಿ ಸುತ್ತು ಬಂದಿರಬೇಕು, ಮುಂದಿನ ಕ್ರಾಸಿನಿಂದ ಆರು ಇಂಚಿನೊಳಗಿರಬೇಕು. ಆರು ಇಂಚು ಎಂಬುದಕ್ಕೆ ಕಾರಣ ಇದೆ. ಬಳೆ ಶಾಫ್ಟಿನ ನಡುವಿಗೆ ಸರಿದಷ್ಟೂ ಮುರಿದ ತುದಿಗೆ ಬೀಸಿಕೊಳ್ಳಲು ಜಾಗ ಸಿಗುತ್ತದೆ. ಬಳೆಯನ್ನು ತೆಳು ನೆಲದ ತಗಡಿಗೆ ಎರಡು ಸ್ಕ್ರೂ ಹಾಕಿ ನಿಲ್ಲಿಸಿದರೆ ಅದು ಶಾಫ್ಟಿನ ಜೊತೆ ತಾನೂ ಹೊರಡುತ್ತದೆ. ಚಾಸಿಗೆ ಅಥವಾ ದಪ್ಪ ಅಡ್ಡಪಟ್ಟಿಗೆ ಕಟ್ಟಬೇಕು. ಈ ಇಡೀ ಬರಹದಿಂದ ಓದುಗರು ಒಂದೇ ಭಾಗ ಕೊಳ್ಳುವುದಾದರೆ ಇದನ್ನೇ ಕೊಳ್ಳಲಿ ಎಂದು ನನ್ನ ಆಸೆ. ಎಂಜಿನ್ನಿಗೆ ಮಾಡುವ ಯಾವ ಖರ್ಚಿನ ಮುಂದೂ ಇದರ ಬೆಲೆ ಗಣನೆಗೆ ಬರುವುದಿಲ್ಲ.

ಶಾಫ್ಟಿನ ಉದ್ದವೂ ಲೆಕ್ಕದ ವಿಷಯ. ಪ್ರತಿ ಶಾಫ್ಟಿಗೂ ಒಂದು ವೇಗವಿದೆ. ಅದನ್ನು ಮುಟ್ಟಿದಾಗ ಅದು ನಡುವಿನಲ್ಲಿ ಬಾಗಿ ಹಗ್ಗದಂತೆ ಬೀಸತೊಡಗುತ್ತದೆ. ಮೂರು ಇಂಚು ದಪ್ಪದ ಉಕ್ಕಿನ ಕೊಳವೆ 1.4 ಮೀಟರ್ ಉದ್ದವಿದ್ದರೆ ಆ ವೇಗ ನಿಮಿಷಕ್ಕೆ ಸುಮಾರು 6,400 ಸುತ್ತು. ಅದೇ ಕೊಳವೆ 1.7 ಮೀಟರ್ ಆದರೆ 4,300ಕ್ಕೆ ಇಳಿಯುತ್ತದೆ, ಯಾಕೆಂದರೆ ಉದ್ದದ ವರ್ಗಕ್ಕೆ ತಕ್ಕಂತೆ ಇಳಿತ. ಹಳೆಯ ನಾಲ್ಕು ಗೇರಿನ ಪೆಟ್ಟಿಗೆ ತೆಗೆದು ಓವರ್‌ಡ್ರೈವ್ ಇರುವ ಐದು ಗೇರಿನದು ಹಾಕಿದವರು ಇಲ್ಲಿ ಎಚ್ಚರವಾಗಿರಬೇಕು. ಓವರ್‌ಡ್ರೈವಿನಲ್ಲಿ ಶಾಫ್ಟ್ ಎಂಜಿನ್ನಿಗಿಂತ ವೇಗವಾಗಿ ತಿರುಗುತ್ತದೆ. ಎಂಜಿನ್ ಆರಾಮವಾಗಿ ಗುನುಗುತ್ತಿದ್ದಾಗಲೂ ಶಾಫ್ಟ್ ತನ್ನ ಅಂಚಿನಲ್ಲಿರಬಹುದು.

ಹಿಂದಿನ ಆಕ್ಸಲ್. ಜನರಲ್ ಮೋಟಾರ್ಸ್‌ನ ಹಲವು ಹೌಸಿಂಗುಗಳಲ್ಲಿ, ಫೋರ್ಡ್‌ನ 8.8 ಇಂಚಿನದರಲ್ಲಿ, ಆಕ್ಸಲ್ ಶಾಫ್ಟನ್ನು ಹಿಡಿದಿರುವುದು ಒಳತುದಿಯಲ್ಲಿರುವ ಇಂಗ್ಲಿಷಿನ ಸಿ ಅಕ್ಷರದಾಕಾರದ ಸಣ್ಣ ಬಿಲ್ಲೆ. ಶಾಫ್ಟ್ ನಡುವೆ ಎಲ್ಲಿ ಮುರಿದರೂ ಹೊರಗಿನ ತುಂಡನ್ನು ಹಿಡಿಯುವವರಿಲ್ಲ. ಚಕ್ರ, ಬ್ರೇಕ್ ಡ್ರಮ್ಮಿನ ಸಮೇತ, ಕಾರಿನಿಂದ ಹೊರಗೆ ಹೋಗುತ್ತದೆ. ಎದುರಿನಿಂದ ಬರುವವನ ಬಗ್ಗೆ ಯೋಚಿಸಿ. ಫೋರ್ಡ್‌ನ ಹಳೆಯ ಒಂಬತ್ತು ಇಂಚಿನ ಹೌಸಿಂಗಿನಲ್ಲಿ ಬೇರಿಂಗನ್ನು ಹೊರತುದಿಯಲ್ಲೇ ಪ್ಲೇಟ್ ಹಾಕಿ ಬಿಗಿದಿರುತ್ತಾರೆ. ಶಾಫ್ಟ್ ಮುರಿದರೂ ಚಕ್ರ ಸಾಮಾನ್ಯವಾಗಿ ಜಾಗದಲ್ಲೇ ಉಳಿಯುತ್ತದೆ. ಹವ್ಯಾಸಿಗಳು ಅದನ್ನು ಗಟ್ಟಿತನಕ್ಕಾಗಿ ಹೊಗಳುತ್ತಾರೆ. ನನಗೆ ಅದು ಮೆಚ್ಚುಗೆಯಾಗುವುದು ಈ ಗುಣಕ್ಕೆ. ಸಿ ಬಿಲ್ಲೆಯ ಹೌಸಿಂಗಿಗೂ ಹೊರಗಿನಿಂದ ಬಿಗಿಯುವ ಸಾಮಗ್ರಿ ಸಿಗುತ್ತದೆ. ಆದರೆ ಅದರಲ್ಲಿ ಕೆಲವು ರೇಸ್ ಪಟ್ಟಿಯ ಅಲ್ಪ ಓಟಕ್ಕೆ ಮಾಡಿದವು. ಮಳೆ, ಧೂಳು, ತಿರುವುಗಳ ರಸ್ತೆಯಲ್ಲಿ ಎಣ್ಣೆ ಸೋರಿ ಬ್ರೇಕಿಗೆ ಇಳಿಸುತ್ತವೆ.

ಹೀಗೆ ಹೇಳುವಾಗ ಒಂದು ಮೂಲ ತಪ್ಪುಗ್ರಹಿಕೆ ಎದುರಾಗುತ್ತದೆ: ರೇಸಿನದೇ ಅತ್ಯುತ್ತಮ, ಆದ್ದರಿಂದ ರಸ್ತೆಗೂ ಅದೇ ಸುರಕ್ಷಿತ ಎಂಬುದು. ಕ್ರೌನ್ ಪಿನಿಯನ್ ತೆಗೆದುಕೊಳ್ಳಿ. ಡ್ರ್ಯಾಗ್ ರೇಸಿಗೆಂದು 9310 ಎಂಬ ದರ್ಜೆಯ ಉಕ್ಕಿನ ಗೇರುಗಳು ಬರುತ್ತವೆ. ಹಠಾತ್ ಪೆಟ್ಟು ನುಂಗಿಕೊಳ್ಳುವುದು ಅವುಗಳ ಗುಣ. ಅದಕ್ಕೆ ಬದಲಾಗಿ ಹಲ್ಲು ಬೇಗ ಸವೆಯುತ್ತದೆ. ಕಾಲು ಮೈಲಿಯ ಓಟಕ್ಕೆ ಅದು ಸರಿ, ಊರಿಂದೂರಿಗೆ ಓಡುವ ಕಾರಿಗೆ ಸಾಮಾನ್ಯವಾದ 8620 ಉಕ್ಕಿನ ಗೇರೇ ಬಾಳುವುದು. ಎರಡು ಹಿಂಚಕ್ರಗಳನ್ನು ಸದಾ ಒಂದಾಗಿ ಬೆಸೆಯುವ ಸ್ಪೂಲ್ ಪಟ್ಟಿಯ ಮೇಲೆ ನೇರ ಓಟ ಕೊಡುತ್ತದೆ. ರಸ್ತೆಯ ತಿರುವಿನಲ್ಲಿ ಒಂದು ಚಕ್ರವನ್ನು ಎಳೆದಾಡಿಸುತ್ತದೆ, ಆಕ್ಸಲನ್ನು ತಿರುಚುತ್ತದೆ, ಮಳೆಯಲ್ಲಿ ಹಿಂಭಾಗ ಜಾರಿಸುತ್ತದೆ. ಆಯಾ ಪಂದ್ಯಕ್ಕೆ ತಕ್ಕ ಭಾಗ ಆಯಾ ಪಂದ್ಯದಲ್ಲೇ ಸುರಕ್ಷಿತ. ಚೀಟಿ ಇರುವ ಸುರಕ್ಷಾಭಾಗವನ್ನೂ ಬರೀ ರೇಸ್ ಭಾಗವನ್ನೂ ಅಂಗಡಿಯ ಒಂದೇ ಕಪಾಟಿನಲ್ಲಿ ಇಟ್ಟಿರುತ್ತಾರೆ. ಬಿಡಿಸಿ ನೋಡುವ ಕೆಲಸ ಕೊಳ್ಳುವವರದು.

ಸಾಲಿನಲ್ಲಿ ಯಾವುದೋ ಒಂದು ಎಲ್ಲಕ್ಕಿಂತ ಬಲಹೀನವಾಗಿರಲೇಬೇಕು. ಅದು ಯಾವುದಾಗಿರಬೇಕು ಎಂದು ನಾವೇ ತೀರ್ಮಾನಿಸಬಹುದು ಎನ್ನುವುದು ಈ ಹವ್ಯಾಸದ ಅತ್ಯಂತ ಜಾಣ ಯೋಚನೆಗಳಲ್ಲಿ ಒಂದು. ಬಳೆಯೊಳಗಿನ ಪ್ರೊಪೆಲರ್ ಶಾಫ್ಟಿನ ಕ್ರಾಸ್ ಮೊದಲು ಮುರಿಯಲಿ. ಅದು ಅಗ್ಗ, ಬದಲಿಸುವುದು ಸುಲಭ, ಹಿಡಿದಿಡುವ ಬಳೆ ಇದೆ. ಕ್ರಾಸನ್ನು ಅತಿ ದೊಡ್ಡದು ಮಾಡಿದರೆ ಮುರಿತ ಆಕ್ಸಲಿಗೋ ಗೇರ್ ಬಾಕ್ಸಿಗೋ ವರ್ಗವಾಗುತ್ತದೆ. ಆ ಕಡೆ ಹಿಡಿಯುವ ಏರ್ಪಾಡು ಇಲ್ಲದಿದ್ದರೆ, ದುಡ್ಡು ಕೊಟ್ಟು ಅಪಾಯದ ಜಾಗ ಬದಲಿಸಿಕೊಂಡಂತೆ.

ನಮ್ಮ ಕಡೆ ವಿ8 ಮಸ್ಟಾಂಗುಗಳು ಕಡಿಮೆ. ಆದರೆ ಹವ್ಯಾಸದ ಬಂಡಿ ಎಂದರೆ ಮಲೆನಾಡು, ಕೊಡಗುಗಳಲ್ಲಿ ಜೀಪು, ಮತ್ತು ಮೇಲಿನ ಲೆಕ್ಕವೆಲ್ಲ ಅದಕ್ಕೂ ಅನ್ವಯ. ತೋಟದ ಕೆಲಸಕ್ಕೆ ತಂದ ಹಳೆಯ ಮಹೀಂದ್ರ ಜೀಪುಗಳನ್ನು ಈಗ ಮೊಮ್ಮಕ್ಕಳು ಅಕ್ಕರೆಯಿಂದ ಕಟ್ಟಿಸುತ್ತಿದ್ದಾರೆ. ಎತ್ತರಿಸುತ್ತಾರೆ, ದೊಡ್ಡ ಟೈರು ಹಾಕುತ್ತಾರೆ, ಬೇರೆ ಎಂಜಿನ್ ಕೂರಿಸುತ್ತಾರೆ. ಕೊನೆಯದಕ್ಕೆ ಕಾನೂನಿನ ತಡೆ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಎಂಜಿನ್ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಅಪಘಾತವಾದಾಗ ವಿಮಾ ಕಂಪನಿ ಕೇಳುವುದೂ ಇದನ್ನೇ.

ಎಸ್‌ಎಫ್‌ಐ ಚೀಟಿಯ ಭಾಗ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ ಪ್ರಯೋಜನವಿಲ್ಲ, ಡೀಸೆಲ್ ಜೀಪಿಗೆ ಅದರ ಅಗತ್ಯವೂ ಕಡಿಮೆ, ಅದು ತಿರುಗುವುದೇ ನಿಧಾನ. ಇಲ್ಲಿ ಚೀಟಿಯ ಜಾಗದಲ್ಲಿ ನಿಲ್ಲಬೇಕಾದದ್ದು ಕಂಪನಿಯ ಅಸಲಿ ಪೊಟ್ಟಣ, ಬಿಲ್ಲು ಮತ್ತು ನಮ್ಮದೇ ಕಣ್ಣು. ಎತ್ತರಿಸಿದ ಜೀಪಿಗೆ ಪ್ರೊಪೆಲರ್ ಶಾಫ್ಟ್ ಉದ್ದ ಮಾಡಿಸುವಾಗ ಕೊಳವೆ ಕತ್ತರಿಸಿ ತುಂಡು ಸೇರಿಸಿ ಬೆಸುಗೆ ಹಾಕುವುದು ರೂಢಿ. ಹಾಗೆ ಮಾಡಿಸಿದರೆ ಎರಡೂ ತುದಿಯ ಕವಲುಗಳು ಒಂದೇ ಗೆರೆಯಲ್ಲಿ ಕೂತಿವೆಯೇ ನೋಡಿ. ಹಲ್ಲೊಂದು ಆಚೀಚೆ ಆದರೂ ಪ್ರತಿ ಸುತ್ತಿಗೆ ಎರಡು ಬಾರಿ ಶಾಫ್ಟ್ ನಡುಗುತ್ತದೆ, ಆ ನಡುಕವೇ ಕ್ರಾಸನ್ನು ತಿನ್ನುತ್ತದೆ. ತುಂಡು ಸೇರಿಸುವುದಕ್ಕಿಂತ ಪೂರ್ತಿ ಹೊಸ ಕೊಳವೆ ಹಾಕಿಸಿ, ಬ್ಯಾಲೆನ್ಸ್ ಮಾಡಿಸಿ. ಮುಂತುದಿಗೆ ಬಳೆಯನ್ನೂ ಮಾಡಿಸಿ. ಕಾಲು ಇಂಚಿನ ಪಟ್ಟಿ ಯಾವ ಊರಿನ ಫ್ಯಾಬ್ರಿಕೇಶನ್ ಅಂಗಡಿಯಲ್ಲೂ ಸಿಗುತ್ತದೆ.

ಹಳೆಯ ಜೀಪಿನಲ್ಲಿ ಈ ಶಾಫ್ಟಿನ ಮೇಲೆ ಇನ್ನೊಂದು ಭಾರವೂ ಇದೆ. ವಿಲ್ಲಿಸ್ ಮತ್ತು ಅದರ ವಂಶದ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳಲ್ಲಿ ಇಲ್ಲ. ಅದು ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೆ, ಪ್ರೊಪೆಲರ್ ಶಾಫ್ಟ್ ಹೊರಡುವ ಜಾಗದಲ್ಲಿದೆ. ಅಲ್ಲಿಂದ ಹಿಡಿದ ಹಿಡಿತ ಕ್ರಾಸು, ಶಾಫ್ಟು, ಪಿನಿಯನ್, ಆಕ್ಸಲ್ ದಾಟಿ ಚಕ್ರ ತಲುಪಬೇಕು. ನಡುವೆ ಯಾವ ಕೊಂಡಿ ತುಂಡಾದರೂ ಕಾಫಿ ಕಣದ ಇಳಿಜಾರಿನಲ್ಲಿ ನಿಲ್ಲಿಸಿದ ಜೀಪಿಗೆ ಹ್ಯಾಂಡ್‌ಬ್ರೇಕ್ ಎಂಬುದೇ ಇಲ್ಲ. ಏನೂ ಮುರಿಯದಿದ್ದರೂ, ಪಂಕ್ಚರ್ ಹಾಕಲು ಒಂದು ಹಿಂಚಕ್ರಕ್ಕೆ ಜಾಕ್ ಕೊಟ್ಟರೆ ಸಾಕು. ಡಿಫರೆನ್ಶಿಯಲ್ ಎತ್ತಿದ ಚಕ್ರವನ್ನು ಬಿಡುಬೀಸಾಗಿ ತಿರುಗಿಸುತ್ತದೆ, ನೆಲದಲ್ಲಿರುವ ಚಕ್ರಕ್ಕೆ ಹಿಡಿತವಿರುವುದಿಲ್ಲ, ಜೀಪು ಜಾಕಿನಿಂದ ಉರುಳುತ್ತದೆ. ಮಿಲಿಟರಿಗೆ ಮಾಡಿದ ವಿಲ್ಲಿಸ್ ಎಂಬಿಯಲ್ಲಿ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ಆಗಿತ್ತು, ಶಾಫ್ಟ್ ಮುರಿದರೂ ಚಕ್ರ ಹಬ್ಬಿನ ಮೇಲೆ ನಿಲ್ಲುತ್ತಿತ್ತು. ಆಮೇಲಿನ ನಾಗರಿಕ ಜೀಪುಗಳಲ್ಲಿ ಸೆಮಿ ಫ್ಲೋಟಿಂಗ್ ಬಂದು ಆ ರಕ್ಷಣೆಯೂ ಹೋಯಿತು.

ಆದ್ದರಿಂದ ಜೀಪು ಕಟ್ಟಿಸುವವರು ಬಂಪರ್, ವಿಂಚ್, ಲೈಟುಗಳಿಗೆ ಮೊದಲು ಹಿಂದಿನ ಕ್ರಾಸುಗಳನ್ನು ಬಿಚ್ಚಿಸಿ ನೋಡಲಿ, ಸೂಜಿ ಬೇರಿಂಗಿನಲ್ಲಿ ತುಕ್ಕಿನ ಪುಡಿ ಇದ್ದರೆ ಬದಲಿಸಲಿ. ಆಕ್ಸಲಿನ ಹೊರತುದಿಯ ನಟ್ಟನ್ನು ಕಂಪನಿ ಹೇಳಿದ ಬಿಗಿಗೆ ಟಾರ್ಕ್ ರೆಂಚ್ ಹಾಕಿ ಬಿಗಿಸಲಿ. ಇಳಿಜಾರಿನಲ್ಲಿ ನಿಲ್ಲಿಸುವಾಗ ಫೋರ್ ವೀಲಿಗೆ ಹಾಕಿ ಗೇರಿನಲ್ಲಿ ಬಿಡಬೇಕು. ಆಗ ಟ್ರಾನ್ಸ್‌ಫರ್ ಕೇಸು ಮುಂದಿನ ಶಾಫ್ಟನ್ನೂ ಬೆಸೆಯುತ್ತದೆ, ಹಿಡಿತ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಮುಂದಿನ ಚಕ್ರಗಳಿಗೆ ಬಿಡಿಸುವ ಹಬ್ ಹಾಕಿಸಿದ್ದರೆ ಅವನ್ನೂ ಇಳಿದು ಲಾಕ್ ಮಾಡಬೇಕು. ಸೀಟಿನಡಿ ಎರಡು ಮರದ ಅಡೆತುಂಡು ಇಟ್ಟುಕೊಳ್ಳಿ. ಜಾಕ್ ಹೊರತೆಗೆಯುವ ಮೊದಲು ಅವು ಚಕ್ರದ ಕೆಳಗೆ ಬಿದ್ದಿರಲಿ.